ಕಾಜದ ಅಳತೆ

ಐಸು ತುಂಬಿದ ಬಟ್ಟಲಲ್ಲಿ ನನ್ನ ಬೆರಳುಗಳಿವೆ.
ಎರಡು ಜೊತೆ ಗ್ಲೌಸು, ಆದರೂ ಉಗುರಿನ ಬುಡದವರೆಗೆ ಚಳಿ.
ಹೊರಗೆ ವುಚ್ ಪಟ್ಟಣದ ಫೆಬ್ರವರಿ,
ಟ್ರಾಮಿನ ತಂತಿಯ ಮೇಲೆ ಹೆಪ್ಪುಗಟ್ಟಿದ ಮಂಜು.
ಒಳಗೆ ನಾನು ಉಪ್ಪುನೀರಿನಲ್ಲಿ
ಲೋಹದ ಪುಟ್ಟ ಪಂಜರವೊಂದನ್ನು ಒಲಿಸುತ್ತಿದ್ದೇನೆ.

ಈ ಲೋಹದ ಗುಣವೇ ಹಾಗೆ:
ತಣ್ಣಗಾದರೆ ಹೇಳಿದ ಮಾತು ಕೇಳುತ್ತದೆ,
ಮುದುಡು ಅಂದರೆ ಮುದುಡಿ
ಪೆನ್ಸಿಲ್ಲಿನಷ್ಟು ಸಪೂರ ಕೊಳವೆಯಲ್ಲಿ ಕೂರುತ್ತದೆ.
ಮೈಯ ಬಿಸಿ ತಗುಲಿತೋ,
ತಾನು ಯಾರೆಂದು ನೆನಪಾಗುತ್ತದೆ.

ಒಳಗೆ ಹೊಲಿದ ಮೂರು ಎಸಳು, ಹಂದಿಯ ಎದೆಪೊರೆ.
ನಿನ್ನೆ ಹಾಗೆಂದಾಗ ಗೆನೊವೆಫಾ ನಕ್ಕರು:
"ನಮ್ಮ ಹಿತ್ತಲಲ್ಲೂ ಒಂದಿತ್ತು, ಕ್ರಿಸ್‌ಮಸ್ಸಿಗೆ ಹೋಯಿತು.
ಋಣ ಇನ್ನೂ ಮುಗಿದಿಲ್ಲ ಅನ್ನಿ."

ಎಂಬತ್ತಮೂರು ವರ್ಷ. ನಾಲ್ಕು ಅಡಿ ಒಂಬತ್ತು ಅಂಗುಲ.
ಮೂವತ್ತೊಂದು ವರ್ಷ ಗಿರಣಿಯಲ್ಲಿ ಕಾಜ ಹೊಲಿದವರು,
ಎಲ್ಲವೂ ಗಂಡಸರ ಅಂಗಿಗೆ.
"ನನ್ನ ಮೈಗೆ ಆಗುವಂಥದ್ದು
ಆ ಸಾಲಿನಲ್ಲಿ ಒಂದೂ ಬರಲಿಲ್ಲ ನೋಡಿ."

ಮನೆ ಮೂರನೇ ಮಹಡಿಯಲ್ಲಿ. ಎರಡನೆಯದರ ತಿರುವಿನಲ್ಲಿ
ನೆರೆಮನೆಯ ಝೆಮೊವಿತ್ ಒಂದು ಕುರ್ಚಿ ಇಟ್ಟಿದ್ದಾರೆ.
ಅದನ್ನು ಅವರು 'ಸ್ಟಾಪು' ಅನ್ನುತ್ತಾರೆ.
ಕಳೆದ ವರ್ಷ ಅಲ್ಲಿ ಎರಡು ನಿಮಿಷ ನಿಲ್ಲುತ್ತಿದ್ದ ಟ್ರಾಮು
ಈಗ ಇಪ್ಪತ್ತು ನಿಮಿಷ ನಿಲ್ಲುತ್ತದಂತೆ.

ಸ್ಕ್ಯಾನಿನಲ್ಲಿ ಕವಾಟದ ಬುಡದ ಬಳೆ ಹತ್ತೊಂಬತ್ತೂವರೆ ಮಿಲಿಮೀಟರ್.
ದುಂಡಗೂ ಇಲ್ಲ, ಒತ್ತಿದ ಮೊಟ್ಟೆಯಂತೆ,
ಅಂಚಿಗೆ ಸುಣ್ಣದ ಹರಳು.
ಹಾಸಿಗೆ ಇದ್ದಷ್ಟೇ ಕಾಲು ಚಾಚು ಅನ್ನುತ್ತಾರಲ್ಲ,
ರಕ್ತಕ್ಕೆ ಅದನ್ನು ಹೇಳುವವರು ಯಾರು?
ಡಾಕ್ಟರ್ ಗ್ಝೆಗೊರೆಕ್ ಕಾಗದದ ಮೇಲೆ ಎರಡು ಚಿತ್ರ ಬರೆದರು.
ಒಂದರಲ್ಲಿ ಹೊಸ ಎಸಳು ಬಳೆಯ ಮಟ್ಟದಲ್ಲೇ,
ಇಕ್ಕಟ್ಟಿನೊಳಗೆ ಇನ್ನೊಂದು ಇಕ್ಕಟ್ಟು.
ಇನ್ನೊಂದರಲ್ಲಿ ಸೊಂಟ ಬಳೆಯಲ್ಲಿ ನಿಂತು
ಎಸಳು ಮಾತ್ರ ಮೇಲೆ, ನಾಳ ಅಗಲವಾಗುವಲ್ಲಿ.

ಗೆನೊವೆಫಾ ಕನ್ನಡಕ ಏರಿಸಿದರು.
"ಇದರಲ್ಲಿ ಕೇಳುವುದೇನಿದೆ?
ಗುಂಡಿಯನ್ನು ಬಟ್ಟೆಗೆ ಅಂಟಿಸಿ ಹೊಲಿಯುತ್ತಾರೆಯೇ ಯಾರಾದರೂ?
ಕತ್ತು ಬಿಡಬೇಕು. ನೂಲಿನ ಕತ್ತು.
ಕೆಳಗೊಂದು ಬೆಂಕಿಕಡ್ಡಿ ಇಟ್ಟು ಹೊಲಿಯಿರಿ,
ಆಮೇಲೆ ಕಡ್ಡಿ ಎಳೆದುಬಿಡಿ."
ಡಾಕ್ಟರು ಪೆನ್ನು ಕೆಳಗಿಟ್ಟರು.

ಈಗ ತೊಡೆಸಂದಿನಿಂದ ಹೊರಟಿದೆ ಕೊಳವೆ.
ಅವರು ಅರೆಎಚ್ಚರದಲ್ಲಿ ಏನೋ ಎಣಿಸುತ್ತಿದ್ದಾರೆ,
ಮೆಟ್ಟಿಲೋ, ಕಾಜವೋ.
ಯಂತ್ರ ಹೃದಯವನ್ನು ಅವಸರಪಡಿಸುತ್ತದೆ.
ಪರದೆಯ ಮೇಲೆ ಪಂಜರ ಮೆಲ್ಲಗೆ ಬಿಚ್ಚಿಕೊಂಡು
ಮೂರರಲ್ಲಿ ಎರಡು ಪಾಲಿಗೆ ನಿಲ್ಲುತ್ತದೆ.

ಇಲ್ಲಿಯವರೆಗೆ ಹಿಂದಕ್ಕೆ ತೆಗೆದುಕೊಳ್ಳಬಹುದು.

ಕೋಣೆಯಲ್ಲಿ ಯಾರೂ ಕೆಮ್ಮುವುದಿಲ್ಲ.
ಎಡಬದಿಯಲ್ಲಿ ಸೋರಿಕೆಯ ಸಣ್ಣ ಹೊಗೆ.
"ತೀರಾ ಕೆಳಗಾಯಿತು," ಅನ್ನುತ್ತಾರೆ ಡಾಕ್ಟರು,
ಮತ್ತೆ ಮುದುಡಿಸಿ, ಮೂರು ಮಿಲಿಮೀಟರ್ ಮೇಲಕ್ಕೆ ಸರಿಸಿ, ಮತ್ತೆ.
ನನ್ನ ಬೆರಳಿಗೆ ಇನ್ನೂ ಬಿಸಿ ಬಂದಿಲ್ಲ.
ಎಷ್ಟೋ ಮಾತನ್ನು ನಾನು ಒಂದೇ ಸಲಕ್ಕೆ
ಪೂರ್ತಿ ಬಿಚ್ಚಿಬಿಟ್ಟಿದ್ದೇನೆ ಬದುಕಿನಲ್ಲಿ.

ಆಮೇಲೆ ಬಿಟ್ಟರು.

ಒತ್ತಡದ ಎರಡು ಗೆರೆ,
ಮುನಿಸಿಕೊಂಡವರಂತೆ ದೂರ ದೂರ ಓಡುತ್ತಿದ್ದವು,
ಒಂದರ ಮೈಮೇಲೊಂದು ಬಂದು ಕೂತವು.
ನಲವತ್ತೆಂಟಿದ್ದ ಅಂತರ ಏಳು.
"ಆಯಿತಾ?" ಗೆನೊವೆಫಾರ ಒಣಗಿದ ದನಿ,
"ದಾರದ ತುದಿ ಕತ್ತರಿಸಿದಿರಾ?"

ಇದು ಎಷ್ಟು ವರ್ಷ ಬಾಳುತ್ತದೋ, ನಾನು ಕೇಳಲಿಲ್ಲ.
ಮೊಮ್ಮಗಳು ಕಿಂಗಾ ವಾರ ಕಳೆದು ಹೇಳಿದ್ದು ಇಷ್ಟೇ:
ಕುರ್ಚಿ ಅಲ್ಲೇ ಇದೆ,
ಅಜ್ಜಿ ಈಗಲೂ ಇಪ್ಪತ್ತು ನಿಮಿಷ ಕೂರುತ್ತಾಳೆ,
ಎದುರಿಗೆ ಇನ್ನೊಂದು ಕುರ್ಚಿ ಬಂದಿದೆ.

ನನ್ನ ಕೋಟಿನ ಮೇಲಿನ ಗುಂಡಿ ಸಡಿಲವಾಗಿ ತಿಂಗಳಾಗಿತ್ತು.
ರಾತ್ರಿ ಅಡುಗೆಮನೆಯ ದೀಪದಡಿ ಬೆಂಕಿಪೊಟ್ಟಣ ಹುಡುಕಿದೆ.
ಒಂದೇ ಕಡ್ಡಿ ಉಳಿದಿತ್ತು.
ಗೀರದೆ, ಗುಂಡಿಯ ಕೆಳಗಿಟ್ಟೆ.